ಯಂತ್ರವಿದುಷಿ ಬಿಯಾಟ್ರಿಸ್ ಶಿಲಿಂಗ್

ಯುದ್ಧಗಳ ಚರಿತ್ರೆಯಲ್ಲಿ ಸೇನಾಪತಿಗಳ ಹೆಸರು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಖಡ್ಗವನ್ನು ಹದಮಾಡಿಕೊಟ್ಟ ಕಮ್ಮಾರನ ಹೆಸರನ್ನು ಯಾರೂ ಕೇಳುವುದಿಲ್ಲ. 1940ರ ಬೇಸಗೆಯಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ವಿಮಾನಯುದ್ಧವನ್ನು ಕುರಿತು ನೂರಾರು ಗ್ರಂಥಗಳು ಹೊರಬಂದಿವೆ. ಸ್ಪಿಟ್‌ಫೈರ್, ಹರಿಕೇನ್ ಎಂಬ ವಿಮಾನಗಳ ಹೆಸರನ್ನು ಶಾಲೆಯ ಹುಡುಗರೂ ಬಲ್ಲರು. ಆ ವಿಮಾನಗಳ ಎಂಜಿನ್ನಿನಲ್ಲಿ ಒಂದು ಮರ್ಮಸ್ಥಾನವಿತ್ತೆಂಬುದನ್ನೂ, ಒಂದು ಚಿಕ್ಕ ಹಿತ್ತಾಳೆಯ ತುಂಡಿನಿಂದ ಅದನ್ನು ಕಾಪಾಡಿದವಳು ಒಬ್ಬ ಹೆಂಗಸೆಂಬುದನ್ನೂ ಬಲ್ಲವರು ನಮ್ಮಲ್ಲಿ ಕಡಿಮೆ. ತನ್ನ ನಾಡಿನಲ್ಲಿ ಇಂದಿಗೂ ಕೀರ್ತಿಶಾಲಿನಿಯಾಗಿರುವ ಬಿಯಾಟ್ರಿಸ್ ಶಿಲಿಂಗ್‌ಳ ಜೀವನ, ಯಂತ್ರಶಾಸ್ತ್ರದಲ್ಲಿ ಆಸಕ್ತಿಯಿಲ್ಲದವರೂ ಓದಿ ತಿಳಿಯಬೇಕಾದಂಥದು.

ಬಿಯಾಟ್ರಿಸ್ ಹುಟ್ಟಿದ್ದು 1909ನೆಯ ಇಸವಿ ಮಾರ್ಚ್ 8ರಂದು, ಇಂಗ್ಲೆಂಡಿನ ದಕ್ಷಿಣ ಭಾಗದ ಹ್ಯಾಂಪ್‌ಷೈರ್ ಪ್ರಾಂತದ ವಾಟರ್‌ಲೂವಿಲ್ ಎಂಬ ಊರಿನಲ್ಲಿ. ತಂದೆ ಮಾಂಸದ ವ್ಯಾಪಾರಿ. ಮನೆತನದಲ್ಲಿ ವಿಜ್ಞಾನದ ಪರಂಪರೆಯೇನೂ ಇರಲಿಲ್ಲ. ಆದರೂ ಈ ಹುಡುಗಿಯ ಮನಸ್ಸು ಚಿಕ್ಕಂದಿನಿಂದಲೇ ಹತಾರಗಳ ಕಡೆಗೆ ವಾಲಿತ್ತು. ಕೈಗೆ ಸಿಕ್ಕ ಪುಡಿಕಾಸನ್ನೆಲ್ಲ ಕೂಡಿಟ್ಟು ಅವಳು ಕೊಳ್ಳುತ್ತಿದ್ದುದು ಚಾಕು, ಸ್ಪ್ಯಾನರು, ಅಂಟಿನ ಪಾತ್ರೆ ಇಂಥವನ್ನು. ಹದಿನಾಲ್ಕನೆಯ ವಯಸ್ಸಿಗೆ ರಾಯಲ್ ಎನ್‌ಫೀಲ್ಡ್ ಮೋಟಾರ್ ಸೈಕಲ್ಲೊಂದು ಅವಳದಾಯಿತು. ಅದನ್ನು ಓಡಿಸುವುದರಲ್ಲಿ ಎಷ್ಟು ಸುಖವಿತ್ತೋ, ಬಿಚ್ಚಿ ಮತ್ತೆ ಜೋಡಿಸುವುದರಲ್ಲಿಯೂ ಅಷ್ಟೇ ಸುಖವಿತ್ತು. ತಾನು ಎಂಜಿನಿಯರಾಗಬೇಕೆಂಬ ಸಂಕಲ್ಪ ಆ ವಯಸ್ಸಿನಲ್ಲಿಯೇ ಬಲಿಯಿತು.

ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಸಂಕಲ್ಪ ಮಾಡಿದ ಹುಡುಗಿಗೆ ದಾರಿ ಸುಲಭವಾಗಿರಲಿಲ್ಲ. ಭಾಗ್ಯವಶಾತ್ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಮಹಿಳೆಯ ಆಶ್ರಯ ಬಿಯಾಟ್ರಿಸ್‌ಗೆ ದೊರೆಯಿತು. ಹಳ್ಳಿಗಾಡಿನ ಮನೆಗಳಿಗೆ ವಿದ್ಯುದ್ದೀಪವನ್ನು ಒದಗಿಸುವ ಉದ್ಯಮವನ್ನು ಸ್ವತಃ ನಡೆಸುತ್ತಿದ್ದ ಆ ಮಹಿಳೆ, ಶಾಲೆಯನ್ನು ಮುಗಿಸಿ ಬಂದ ಈ ಹುಡುಗಿಯನ್ನು ಕೆಲಸಕ್ಕೆ ಸೇರಿಸಿಕೊಂಡಳು. ತಂತಿ ಎಳೆಯುವುದು, ಜನರೇಟರುಗಳನ್ನು ನಿಲ್ಲಿಸುವುದು ಮುಂತಾದ ಕೆಲಸಗಳಲ್ಲಿ ಮೂರು ವರ್ಷ ಕಳೆದವು. ವಿಶ್ವವಿದ್ಯಾನಿಲಯದ ಶಿಕ್ಷಣ ಪಡೆಯುವಂತೆ ಶಿಷ್ಯೆಯನ್ನು ಒತ್ತಾಯಪಡಿಸಿದವಳೂ ಅವಳೇ. ಹೀಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯವನ್ನು ಸೇರಿದ ಬಿಯಾಟ್ರಿಸ್ 1932ರಲ್ಲಿ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಪದವಿ ಪಡೆದಳು. ಮತ್ತೆ ಒಂದು ವರ್ಷ ಅಲ್ಲಿಯೇ ನಿಂತು ಯಂತ್ರಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೂ ಸಂಪಾದಿಸಿದಳು.

ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲವದು. ಗಂಡಸರಿಗೇ ಕೆಲಸವಿಲ್ಲದಿರುವಾಗ ಹೆಂಗಸಿಗೆ ಕೊಡುವವರು ಯಾರು? ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಕ್ಲೋ ಅವರಲ್ಲಿ ಸಂಶೋಧನ ಸಹಾಯಕಿಯ ಹುದ್ದೆಯೊಂದು ದೊರೆಯಿತು. ಅಲ್ಲಿ ನಡೆಯುತ್ತಿದ್ದುದು ಸೂಪರ್‌ಚಾರ್ಜರ್ ಜೋಡಿಸಿದ ಒಂಟಿ ಸಿಲಿಂಡರಿನ ಎಂಜಿನ್ನುಗಳ ಪರೀಕ್ಷೆ. ಬಿಯಾಟ್ರಿಸ್‌ಳ ಬಾಳಿನುದ್ದಕ್ಕೂ ಹಾಸುಹೊಕ್ಕಾಗಿ ಬರುವ ಸಮಸ್ಯೆ ಇಲ್ಲಿಂದಲೇ ಮೊದಲಾಗುವುದರಿಂದ ಅದರ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ.

ಎಂಜಿನ್ನು ಉಸಿರಾಡುವ ಯಂತ್ರ. ಅದು ಒಳಕ್ಕೆ ಎಳೆದುಕೊಂಡ ಗಾಳಿ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಮಾತ್ರ ಉರಿಸಬಲ್ಲದು. ಆದ್ದರಿಂದ ಅದರ ಶಕ್ತಿಗೆ ಅದರ ಉಸಿರೇ ಮಿತಿ. ಈ ಮಿತಿಯನ್ನು ದಾಟಲು ಕಂಡುಹಿಡಿದ ಸಾಧನ ಸೂಪರ್‌ಚಾರ್ಜರ್. ಇದು ಎಂಜಿನ್ನಿನಿಂದಲೇ ತಿರುಗುತ್ತ, ಹೊರಗಿನ ಗಾಳಿಯನ್ನು ಅದುಮಿ ಒಳಕ್ಕೆ ನೂಕುತ್ತದೆ. ಆದರೆ ಅದುಮಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬಿದವರೆಲ್ಲರೂ ಪಂಪಿನ ಬುಡ ಬಿಸಿಯಾಗುವುದನ್ನು ಕೈಯಿಂದ ಮುಟ್ಟಿ ಅರಿತಿದ್ದಾರೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಸಾಂದ್ರತೆ ಕಡಿಮೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ ಆಯಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಿಶ್ರಣ ಅತಿಯಾಗಿ ಕಾದರೆ ಸಿಲಿಂಡರಿನೊಳಗೆ ಕ್ರಮವಾಗಿ ಉರಿಯುವುದಕ್ಕೆ ಬದಲು ಒಮ್ಮೆಗೇ ಸಿಡಿದು ಪಿಸ್ಟನ್ನನ್ನೇ ಒಡೆಯುತ್ತದೆ. ಆದ್ದರಿಂದ ಗಾಳಿಯನ್ನು ಅದುಮುವ ವಿದ್ಯೆಯ ಜೊತೆಗೆ ಅದುಮಿದ ಗಾಳಿಯನ್ನು ತಣಿಸುವ ವಿದ್ಯೆಯೂ ಬೇಕಾಯಿತು.

ತಣಿಸುವ ಉಪಾಯಗಳು ಮುಖ್ಯವಾಗಿ ಎರಡು. ಅದುಮಿದ ಗಾಳಿಯನ್ನು ರೇಡಿಯೇಟರಿನಂಥ ಒಂದು ಗೂಡಿನ ಮೂಲಕ ಹಾಯಿಸಿ, ಹೊರಗಿನ ಗಾಳಿಯಿಂದಲೋ ನೀರಿನಿಂದಲೋ ಅದರ ಶಾಖವನ್ನು ಸೆಳೆದುಹಾಕುವುದು ಒಂದು. ಇದಕ್ಕೆ ಇಂಟರ್‌ಕೂಲರ್ ಎಂದು ಹೆಸರು. ಎರಡನೆಯದು ಇನ್ನೂ ಸರಳ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪುಗೊಳಿಸುವಂತೆ, ಇಂಧನವನ್ನೇ ಗಾಳಿಯಲ್ಲಿ ಆವಿಯಾಗಿಸಿ ಗಾಳಿಯನ್ನು ತಂಪು ಮಾಡುವುದು. ಈ ಎರಡನೆಯ ಉಪಾಯದ ಸುತ್ತಲೇ ಬಿಯಾಟ್ರಿಸ್‌ಳ ಕೀರ್ತಿ ಹೆಣೆದುಕೊಂಡಿದೆ.

ಪ್ರಯೋಗಶಾಲೆಯಲ್ಲಿ ಕಲಿತುದನ್ನು ಆಕೆ ರಸ್ತೆಯಲ್ಲಿಯೂ ಪರೀಕ್ಷಿಸುತ್ತಿದ್ದಳು. ಲಂಡನ್ನಿಗೆ ಸಮೀಪದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ 1907ರಲ್ಲಿ ಕಟ್ಟಿದ ಕಾಂಕ್ರೀಟಿನ ಓಟದ ಹಾದಿಯಿತ್ತು. ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಆ ಹಾದಿಯನ್ನು ಒಂದು ಸುತ್ತು ಹಾಕಿದ ಮೋಟಾರ್ ಸೈಕಲ್ ಸವಾರರಿಗೆ ಚಿನ್ನದ ನಕ್ಷತ್ರವೆಂಬ ಬಿಲ್ಲೆಯನ್ನು ಕೊಡುತ್ತಿದ್ದರು. ಅದನ್ನು ಪಡೆದ ಹೆಂಗಸರು ಒಟ್ಟು ಮೂವರೇ. 1934ರಲ್ಲಿ ಬಿಯಾಟ್ರಿಸ್ ಅವರಲ್ಲಿ ಒಬ್ಬಳಾದಳು. ಓಟವನ್ನೇ ವೃತ್ತಿಯಾಗಿಸಿಕೊಂಡಿದ್ದ ನೋಯೆಲ್ ಪೋಪ್‌ನಂಥ ಸವಾರರನ್ನೂ ಆಕೆ ಹಿಂದೆ ಹಾಕಿದಳು. ಆಕೆಯ ವಾಹನ ನಾರ್ಟನ್ ಎಂಬ ಮೋಟಾರ್ ಸೈಕಲ್. ಕಾರ್ಖಾನೆ ಕೊಟ್ಟ ಸ್ಥಿತಿಯಲ್ಲಿಯೇ ಅದನ್ನು ಓಡಿಸುವುದು ಆಕೆಯ ಸ್ವಭಾವಕ್ಕೆ ಒಗ್ಗಲಿಲ್ಲ. ತನ್ನ ಕೈಯಾರೆ ಅದನ್ನು ತಿದ್ದಿ, ಸೂಪರ್‌ಚಾರ್ಜರನ್ನೂ ಜೋಡಿಸಿದಳು. ಆಕೆ ಮುಟ್ಟಿದ ವೇಗ ಗಂಟೆಗೆ 106 ಮೈಲಿ. ಇಷ್ಟು ಇಕ್ಕಟ್ಟಾದ ವಾಹನದಲ್ಲಿ ಇಂಟರ್‌ಕೂಲರಿಗೆ ಎಡೆಯೆಲ್ಲಿ? ಅಂದಿನ ಓಟದ ಯಂತ್ರಗಳಲ್ಲಿ ಆವಿಯಾಗುವಾಗ ಹೆಚ್ಚು ಶಾಖವನ್ನು ಹೀರುವ ಮದ್ಯಸಾರದ ಇಂಧನವನ್ನು ಬಳಸುವ ರೂಢಿಯಿತ್ತು. ಇಂಧನವು ಉರಿಯುವ ವಸ್ತುವಷ್ಟೇ ಆಗಿರದೆ ತಂಪು ಮಾಡುವ ವಸ್ತುವೂ ಹೌದೆಂಬುದು ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಪಳಗಿದ ಯಾರಿಗೂ ಹೊಸ ಮಾತಾಗಿರಲಿಲ್ಲ.

1936ರಲ್ಲಿ ಬಿಯಾಟ್ರಿಸ್ ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸರ್ಕಾರಿ ಸಂಶೋಧನಾಲಯವನ್ನು ಸೇರಿದಳು. ಮುಂದಿನ 33 ವರ್ಷಗಳ ಸೇವೆ ಅಲ್ಲಿಯೇ. ಸ್ವಲ್ಪ ಕಾಲದಲ್ಲಿಯೇ ಕಾರ್ಬುರೇಟರುಗಳ ಸಂಶೋಧನೆ ಆಕೆಯ ವಿಶೇಷ ವಿಷಯವಾಯಿತು. 1938ರಲ್ಲಿ ಅದೇ ಸಂಸ್ಥೆಯ ಜಾರ್ಜ್ ನೇಲರ್‌ನೊಂದಿಗೆ ವಿವಾಹವಾಯಿತು. ಅವನೂ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಚಿನ್ನದ ನಕ್ಷತ್ರವನ್ನು ಗೆದ್ದು ಬರುವವರೆಗೆ ಆಕೆ ಮದುವೆಗೆ ಒಪ್ಪಲಿಲ್ಲವೆಂದು ಒಂದು ಕಥೆ ಪ್ರಚಾರದಲ್ಲಿದೆ. ನಮ್ಮ ಪುರಾಣಗಳ ಸ್ವಯಂವರದಲ್ಲಿ ವೀರ್ಯವೇ ಶುಲ್ಕವಾಗಿದ್ದುದನ್ನು ಇದು ನೆನಪಿಗೆ ತರುತ್ತದೆ. ಕಥೆ ನಿಜವಿರಲಿ ಇಲ್ಲದಿರಲಿ, ಅದು ಹುಟ್ಟಿಕೊಳ್ಳುವಂಥ ಹೆಂಗಸು ಆಕೆ ಎಂಬುದಂತೂ ನಿಜ.

ಮರುವರ್ಷವೇ ಮಹಾಯುದ್ಧ ಸಿಡಿಯಿತು. ಸ್ಪಿಟ್‌ಫೈರ್, ಹರಿಕೇನ್ ಎರಡಕ್ಕೂ ಇದ್ದುದು ರೋಲ್ಸ್-ರಾಯ್ಸ್ ಕಂಪನಿಯ ಮರ್ಲಿನ್ ಎಂಬ ಹನ್ನೆರಡು ಸಿಲಿಂಡರುಗಳ ಎಂಜಿನ್ನು. ಶತ್ರುಪಕ್ಷದ ಮೆಸ್ಸರ್‌ಷ್ಮಿಟ್ 109 ವಿಮಾನದಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರುಗಳಿಗೇ ಚಿಮ್ಮಿಸುವ ವ್ಯವಸ್ಥೆಯಿತ್ತು. ಮರ್ಲಿನ್ನಿನಲ್ಲಿ ಹಳೆಯ ಕ್ರಮದಂತೆ ಕಾರ್ಬುರೇಟರೇ ಇತ್ತು. ಫ್ರಾನ್ಸಿನ ಮೇಲೂ ಅನಂತರ ಇಂಗ್ಲೆಂಡಿನ ಮೇಲೂ ಕಾಳಗ ನಡೆದಾಗ ಈ ಭೇದದ ಫಲ ಗೋಚರವಾಯಿತು. ಶತ್ರು ತನ್ನ ವಿಮಾನದ ಮೂತಿಯನ್ನು ಥಟ್ಟನೆ ಕೆಳಕ್ಕೆ ತಗ್ಗಿಸಿ ಧುಮುಕಿ ಪಾರಾಗುತ್ತಿದ್ದ. ಅವನನ್ನು ಅದೇ ರೀತಿ ಬೆನ್ನಟ್ಟಿದ ಆಂಗ್ಲ ವೈಮಾನಿಕನ ಎಂಜಿನ್ನು ಕೆಮ್ಮಿ, ಕರಿಹೊಗೆಯುಗುಳಿ, ಕ್ಷಣಕಾಲ ಸತ್ತಂತಾಗುತ್ತಿತ್ತು. ಆ ಕ್ಷಣದಲ್ಲಿ ಬೇಟೆಗಾರನೇ ಬೇಟೆಯಾಗುವ ಸಂಭವವಿತ್ತು. ಆದ್ದರಿಂದ ಆಂಗ್ಲ ವೈಮಾನಿಕರು ಮೊದಲು ವಿಮಾನವನ್ನು ಮಗುಚಿ ಆಮೇಲೆ ಧುಮುಕುವ ಉಪಾಯವನ್ನು ಕಲಿತರು. ಅಷ್ಟರಲ್ಲಿ ಶತ್ರು ದೂರ ಸಾಗಿರುತ್ತಿದ್ದ.

ಕಾರಣವನ್ನು ಅರಿಯುವುದು ಕಷ್ಟವಲ್ಲ. ಜಾತ್ರೆಯ ತಿರುಗುತೊಟ್ಟಿಲು ಮೇಲಿನಿಂದ ಕೆಳಕ್ಕೆ ಇಳಿಯುವಾಗ ಹೊಟ್ಟೆಯೊಳಗಿನದೆಲ್ಲ ಮೇಲಕ್ಕೆ ಬಂದಂತಾಗುವ ಅನುಭವ ಎಲ್ಲರಿಗೂ ಉಂಟು. ವಿಮಾನ ಥಟ್ಟನೆ ತಲೆ ತಗ್ಗಿಸಿದಾಗ ಕಾರ್ಬುರೇಟರಿನ ತೊಟ್ಟಿಯಲ್ಲಿದ್ದ ಪೆಟ್ರೋಲಿಗೂ ಇದೇ ಗತಿ. ಅದು ತಳವನ್ನು ಬಿಟ್ಟು ಮೇಲ್ಛಾವಣಿಗೆ ಹಾರುತ್ತದೆ. ಎಂಜಿನ್ನಿಗೆ ಒಂದು ಕ್ಷಣ ಇಂಧನವಿಲ್ಲ. ಇದರ ಹಿಂದೆಯೇ ಇನ್ನೂ ದೊಡ್ಡ ಅನರ್ಥ ಬರುತ್ತದೆ. ತೊಟ್ಟಿಯಲ್ಲಿ ತೇಲುತ್ತ ಇಂಧನದ ಮಟ್ಟವನ್ನು ಕಾಯಬೇಕಾದ ಬುರುಡೆ, ಪೆಟ್ರೋಲು ಮೇಲೇರಿದಾಗ ತಾನು ಕೆಳಕ್ಕೆ ಬಿದ್ದು, ತೊಟ್ಟಿ ಬರಿದಾಗಿದೆಯೆಂಬ ಭ್ರಾಂತಿಯಿಂದ ಕವಾಟವನ್ನು ಪೂರ್ಣವಾಗಿ ತೆರೆಯುತ್ತದೆ. ಪಂಪು ತನ್ನ ಬಲವನ್ನೆಲ್ಲ ಬಿಟ್ಟು ಪೆಟ್ರೋಲನ್ನು ನುಗ್ಗಿಸುತ್ತದೆ. ಹಸಿವಿನಿಂದ ತತ್ತರಿಸಿದವನ ಗಂಟಲಿಗೆ ಕೊಡದಿಂದ ನೀರು ಸುರಿದಂತೆ ಎಂಜಿನ್ನು ಉಸಿರುಕಟ್ಟಿ ನಿಲ್ಲುತ್ತದೆ.

ಹಾಗಾದರೆ ಕಾರ್ಬುರೇಟರನ್ನೇ ತೆಗೆದುಹಾಕಿ ಶತ್ರುವಿನ ಪದ್ಧತಿಯನ್ನು ಅನುಸರಿಸಬಾರದಿತ್ತೆ ಎಂದು ಓದುಗರು ಕೇಳಬಹುದು. ಅನೇಕರು ಅಂದೂ ಕೇಳಿದರು. ಆದರೆ ಕಾರ್ಬುರೇಟರನ್ನು ಉಳಿಸಿಕೊಂಡುದರಲ್ಲಿ ರೋಲ್ಸ್-ರಾಯ್ಸ್ ಕಂಪನಿಯ ವಿವೇಕವೊಂದಿತ್ತು. ಮರ್ಲಿನ್ನಿನಲ್ಲಿ ಕಾರ್ಬುರೇಟರಿನ ಸ್ಥಾನ ಸೂಪರ್‌ಚಾರ್ಜರಿಗಿಂತ ಮೊದಲು. ಪೆಟ್ರೋಲು ಅಲ್ಲಿ ಗಾಳಿಯೊಡನೆ ಬೆರೆತು ಆವಿಯಾಗುವಾಗ ಮಿಶ್ರಣದ ಉಷ್ಣತೆಯನ್ನು ಸುಮಾರು 25 ಸೆಂಟಿಗ್ರೇಡ್ ಡಿಗ್ರಿಗಳಷ್ಟು ತಗ್ಗಿಸುತ್ತಿತ್ತು. ತಣ್ಣಗಾದ ಮಿಶ್ರಣ ಹೆಚ್ಚು ಸಾಂದ್ರ. ಅದನ್ನು ಅದುಮಲು ಸೂಪರ್‌ಚಾರ್ಜರಿಗೆ ಶ್ರಮ ಕಡಿಮೆ. ಅದರಿಂದ ಬರುವ ಶಕ್ತಿ ಹೆಚ್ಚು. ಇಂಧನವನ್ನು ಸಿಲಿಂಡರಿಗೇ ಚಿಮ್ಮಿಸಿದರೆ ಈ ತಂಪು ಸೂಪರ್‌ಚಾರ್ಜರಿಗೆ ದೊರೆಯದು. ಮರ್ಲಿನ್ನಿನ ದೋಷವೂ ಗುಣವೂ ಒಂದೇ ಬೇರಿನಿಂದ ಹುಟ್ಟಿದ್ದವು. ದೋಷವನ್ನು ಕಿತ್ತರೆ ಗುಣವೂ ಕಿತ್ತುಹೋಗುವ ಸಂದರ್ಭ. ಮೇಲಾಗಿ, ಯುದ್ಧದ ನಡುವೆ ಸಾವಿರಾರು ಎಂಜಿನ್ನುಗಳನ್ನು ಹೊಸದಾಗಿ ರೂಪಿಸಲು ಸಮಯವಾದರೂ ಎಲ್ಲಿತ್ತು?

ಬಿಯಾಟ್ರಿಸ್ ಕೊಟ್ಟ ಪರಿಹಾರ ನೋಡಿದವರಿಗೆ ನಗು ಬರುವಷ್ಟು ಸರಳವಾದುದು. ಎಂಜಿನ್ನು ತನ್ನ ಪೂರ್ಣಶಕ್ತಿಯಲ್ಲಿ ಓಡುವಾಗ ಎಷ್ಟು ಪೆಟ್ರೋಲನ್ನು ಕುಡಿಯಬಲ್ಲದೋ ಅದನ್ನು ಲೆಕ್ಕಹಾಕಿ, ಅಷ್ಟು ಮಾತ್ರವೇ ಹಾಯುವಂಥ ರಂಧ್ರವನ್ನು ಕೊರೆದ ಹಿತ್ತಾಳೆಯ ತುಂಡೊಂದನ್ನು ಕಾರ್ಬುರೇಟರಿಗೆ ಬರುವ ಕೊಳವೆಯಲ್ಲಿ ಕೂರಿಸಿದಳು. ಮೊದಲು ಅದು ದರ್ಜಿ ಬೆರಳಿಗೆ ತೊಡುವ ಅಂಗುಸ್ತಾನದ ಆಕಾರದಲ್ಲಿತ್ತು. ಬಳಿಕ ಚಪ್ಪಟೆಯಾದ ವಾಷರಿನಂತಾಯಿತು. ಇನ್ನು ತೇಲುಬುರುಡೆ ಎಷ್ಟೇ ಭ್ರಾಂತವಾಗಿ ಕವಾಟವನ್ನು ತೆರೆದರೂ ಪ್ರವಾಹ ನುಗ್ಗಲು ದಾರಿಯಿಲ್ಲ. ಸೂಪರ್‌ಚಾರ್ಜರಿನ ಒತ್ತಡಕ್ಕೆ ಅನುಗುಣವಾಗಿ ರಂಧ್ರಕ್ಕೆ ಎರಡು ಅಳತೆಗಳನ್ನು ಗೊತ್ತುಪಡಿಸಲಾಯಿತು. ಬಿಲ್ಲೆಯನ್ನು ಜೋಡಿಸಲು ವಿಮಾನವನ್ನು ಕಾರ್ಯಾಗಾರಕ್ಕೆ ಕೊಂಡೊಯ್ಯಬೇಕಾಗಿರಲಿಲ್ಲ. ಅದು ನಿಂತಲ್ಲಿಯೇ ಕೆಲಸ ಮುಗಿಯುತ್ತಿತ್ತು. ಬಿಯಾಟ್ರಿಸ್ ತನ್ನ ಸಣ್ಣ ತಂಡದೊಡನೆ ವಿಮಾನನೆಲೆಯಿಂದ ವಿಮಾನನೆಲೆಗೆ ಅಲೆದಳು. ಬ್ರೂಕ್‌ಲ್ಯಾಂಡ್ಸ್‌ನ ಆ ಹಳೆಯ ನಾರ್ಟನ್ನೇ ಆಕೆಯ ವಾಹನ. 1941ರ ಮಾರ್ಚ್ ವೇಳೆಗೆ ಬ್ರಿಟನ್ನಿನ ಕಾದಾಟದ ವಿಮಾನಗಳಿಗೆಲ್ಲ ಈ ಬಿಲ್ಲೆ ಬಂದಿತು.

ಈ ತಾರೀಖನ್ನು ಒತ್ತಿ ಹೇಳಲು ಕಾರಣವುಂಟು. ಬ್ರಿಟನ್ನಿನ ವಿಮಾನಯುದ್ಧವನ್ನು ಗೆದ್ದುಕೊಟ್ಟದ್ದೇ ಈ ಬಿಲ್ಲೆ ಎಂದು ಕೆಲವರು ಉತ್ಸಾಹದಿಂದ ಬರೆಯುವುದುಂಟು. ಆ ಯುದ್ಧ 1940ರ ಅಕ್ಟೋಬರಿಗೇ ಮುಗಿದಿತ್ತು. ಅದನ್ನು ಗೆದ್ದವರು ಎಂಜಿನ್ನಿನ ದೋಷವನ್ನು ಸಹಿಸಿಕೊಂಡೇ ಗೆದ್ದರು. ಮತ್ತೊಂದು ಮಾತು. ಬಿಲ್ಲೆ ತಡೆದದ್ದು ಇಂಧನದ ಪ್ರವಾಹವನ್ನು ಮಾತ್ರ. ಮೊದಲ ಕ್ಷಣದ ಬರಗಾಲ ಉಳಿದೇ ಇತ್ತು. ತಲೆಕೆಳಗಾಗಿ ಬಹಳ ಹೊತ್ತು ಹಾರುವುದೂ ಸಾಧ್ಯವಿರಲಿಲ್ಲ. ಪೂರ್ಣ ಪರಿಹಾರ ದೊರೆತುದು 1943ರಲ್ಲಿ ಹೊಸ ಬಗೆಯ ಕಾರ್ಬುರೇಟರು ಬಂದಾಗ. ಹೀಗೆ ಹೇಳುವುದರಿಂದ ಆಕೆಯ ಕೀರ್ತಿಗೆ ಕುಂದಿಲ್ಲ. ಪೂರ್ಣವಾದ ಪರಿಹಾರ ಬರುವವರೆಗಿನ ಎರಡು ವರ್ಷಗಳಲ್ಲಿ ಶತ್ರುವಿನ ಹಿಂದೆ ಧುಮುಕಿದ ತರುಣರಿಗೆ ಬೇಕಾಗಿದ್ದುದು ಅಂದೇ ಕೈಗೆ ಸಿಗುವ ಸಹಾಯ. ಅದನ್ನು ಈಕೆ ಒದಗಿಸಿದಳು.

ವೈಮಾನಿಕರು ಆ ಬಿಲ್ಲೆಯನ್ನು ಮಿಸ್ ಶಿಲಿಂಗ್‌ಳ ರಂಧ್ರವೆಂದು ಕರೆದರು. ಸೈನಿಕರ ಊಟದ ಮನೆಯ ಒರಟು ವಿನೋದ ಆ ಹೆಸರಿನಲ್ಲಿ ಬೆರೆತಿದೆ. ಎರಡು ವರ್ಷ ಹಿಂದೆಯೇ ಮದುವೆಯಾಗಿದ್ದವಳನ್ನು ಕುಮಾರಿಯೆಂದೇ ಕರೆದದ್ದೂ ಆಯಿತು. ಗಂಡಸೊಬ್ಬ ಮಾಡಿದ ಉಪಕರಣಕ್ಕೆ ಇಂಥ ಹೆಸರು ಬರುತ್ತಿರಲಿಲ್ಲ. ಆದರೂ ಪ್ರಾಣವನ್ನು ಪಣವಾಗಿಟ್ಟವರು ಪ್ರೀತಿಯಿಂದಲೇ ಆ ಹೆಸರನ್ನು ಬಳಸಿದರು. ಆಕೆಯ ಹೆಸರು ಅಳಿಯದೆ ಉಳಿದುದಕ್ಕೆ ಆ ವಿನೋದವೂ ಒಂದು ಕಾರಣವಾಯಿತು. ಯಂತ್ರವಿದ್ಯೆಯಲ್ಲಿ ಹೆಣ್ಣು ಗಂಡಿಗಿಂತ ಕಡಿಮೆಯೆಂಬ ಮಾತನ್ನು ಮಾತ್ರ ಆಕೆ ಎಂದಿಗೂ ಒಪ್ಪಲಿಲ್ಲ.

ಇತ್ತ ಮರ್ಲಿನ್ನಿನ ಬೆಳವಣಿಗೆಯೂ ನಿಲ್ಲಲಿಲ್ಲ. ಸ್ಟ್ಯಾನ್ಲಿ ಹೂಕರ್ ಎಂಬ ಗಣಿತಜ್ಞ 1938ರಲ್ಲಿ ರೋಲ್ಸ್-ರಾಯ್ಸ್ ಕಂಪನಿಯನ್ನು ಸೇರಿ ಸೂಪರ್‌ಚಾರ್ಜರನ್ನು ಪರಿಷ್ಕರಿಸಿದ್ದ. ಗಾಳಿಯನ್ನು ಎರಡು ಹಂತಗಳಲ್ಲಿ ಅದುಮುವ ಹೊಸ ಮರ್ಲಿನ್ 1942ರಲ್ಲಿ ಸ್ಪಿಟ್‌ಫೈರಿಗೆ ಬಂದಿತು. ಎರಡು ಬಾರಿ ಅದುಮಿದ ಮಿಶ್ರಣದ ಬಿಸಿಯನ್ನು ಇಳಿಸಲು ಪೆಟ್ರೋಲಿನ ಆವಿಯೊಂದೇ ಸಾಲದಾಯಿತು. ಅಲ್ಲಿ ಇಂಟರ್‌ಕೂಲರ್ ಅನಿವಾರ್ಯವಾಯಿತು. ಗ್ಲೈಕಾಲ್ ಬೆರೆಸಿದ ನೀರು ಅದರಲ್ಲಿ ಹರಿದು, ಶಾಖವನ್ನು ಹೊತ್ತು, ರೆಕ್ಕೆಯ ಕೆಳಗಿನ ರೇಡಿಯೇಟರಿನಲ್ಲಿ ಅದನ್ನು ಗಾಳಿಗೆ ಒಪ್ಪಿಸುತ್ತಿತ್ತು. ತೆಳುವಾದ ಗಾಳಿಯ ಎತ್ತರದಲ್ಲಿಯೂ ಸ್ಪಿಟ್‌ಫೈರ್ ಬಲಗುಂದದೆ ಹೋರಾಡಿದ್ದರ ಗುಟ್ಟು ಇದು.

ಯುದ್ಧಕಾಲದಲ್ಲಿ ಜಾರ್ಜ್ ನೇಲರ್ ಬಾಂಬರ್ ವಿಮಾನದ ಚಾಲಕನಾಗಿ ಶತ್ರುದೇಶದ ಮೇಲೆ ಹಾರಿ ಕ್ಷೇಮವಾಗಿ ಮರಳಿದ. ಎಂಜಿನ್ನಿನ ಒಂದು ಕ್ಷಣದ ಮೌನಕ್ಕೆ ಏನು ಬೆಲೆಯೆಂಬುದು ಅಂಥ ಮನೆಯ ಗೃಹಿಣಿಗೆ ಲೆಕ್ಕದ ಹಾಳೆಯಿಂದ ಮಾತ್ರ ತಿಳಿಯಬೇಕಾಗಿರಲಿಲ್ಲ. 1947ರಲ್ಲಿ ಬ್ರಿಟಿಷ್ ಸರ್ಕಾರ ಬಿಯಾಟ್ರಿಸ್‌ಗೆ ಓ.ಬಿ.ಇ. ಪ್ರಶಸ್ತಿಯನ್ನಿತ್ತಿತು. ಬ್ಲೂ ಸ್ಟ್ರೀಕ್ ಎಂಬ ಕ್ಷಿಪಣಿಯ ಕೆಲಸ, ಒದ್ದೆಯಾದ ರನ್‌ವೇಯಲ್ಲಿ ವಿಮಾನದ ಬ್ರೇಕು ಹಿಡಿಯುವ ಬಗೆಯ ಪರೀಕ್ಷೆ ಹೀಗೆ ನಾನಾ ಶೋಧಗಳಲ್ಲಿ ಆಕೆಯ ಕೈಯಿತ್ತು.

ವಿರಾಮದ ವೇಳೆಯಲ್ಲಿ ದಂಪತಿಗಳ ವಿನೋದ ಕಾರುಗಳ ಓಟ. ಲಗೊಂಡ ರೇಪಿಯರ್ ಎಂಬ ಕಾರನ್ನು ಅವರು ಭಾರವಿಳಿಸಿ, ಬಹುಮಟ್ಟಿಗೆ ಬದಲಾಯಿಸಿ ಓಡಿಸಿದರು. 1959ರಿಂದ 1961ರವರೆಗೆ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನಲ್ಲಿ ಗುಡ್‌ವುಡ್‌ನ ಪಂದ್ಯಗಳಿಗೆ ಇಳಿದಾಗ ಬಿಯಾಟ್ರಿಸ್‌ಗೆ ಐವತ್ತು ದಾಟಿತ್ತು. ಬಿಸಿಯೊಡನೆ ಆಕೆಯ ಹಳೆಯ ಹೋರಾಟ ಮತ್ತೊಮ್ಮೆ ಎದುರಾದುದು 1967ರಲ್ಲಿ. ಅಮೆರಿಕದ ಡ್ಯಾನ್ ಗರ್ನಿ ಎಂಬ ಪ್ರಸಿದ್ಧ ಚಾಲಕನ ಈಗಲ್ ಎಂಬ ಫಾರ್ಮುಲಾ ಒನ್ ಕಾರು ಅತಿಯಾಗಿ ಕಾಯುತ್ತಿತ್ತು. ಅದನ್ನು ತಂಪಾಗಿಸುವ ಉಪಾಯಕ್ಕೆ ಅವನು ಮೊರೆಹೊಕ್ಕುದು ಈ ಹಿರಿಯ ಮಹಿಳೆಯನ್ನು. ಅದೇ ವರ್ಷದ ಜೂನ್‌ನಲ್ಲಿ ಬೆಲ್ಜಿಯಮ್ಮಿನ ಮಹಾಪಂದ್ಯವನ್ನು ಗರ್ನಿ ಈಗಲ್ ಕಾರಿನಲ್ಲಿಯೇ ಗೆದ್ದ.

1969ರಲ್ಲಿ ಬಿಯಾಟ್ರಿಸ್ ನಿವೃತ್ತಳಾದಳು. ಆ ವರ್ಷವೇ ಸರ್ರೆ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟು ತನ್ನನ್ನು ಗೌರವಿಸಿಕೊಂಡಿತು. 1990ರ ನವೆಂಬರ್ 18ರಂದು, 81ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು.

ಸೂಪರ್‌ಚಾರ್ಜರ್ ಇಂದು ಸಾಮಾನ್ಯರ ಕಾರುಗಳಲ್ಲಿಯೂ ಇದೆ. ಮನೆಯ ಷೆಡ್ಡಿನಲ್ಲಿಯೇ ಕುಳಿತು ತಮ್ಮ ಕಾರಿನ ಇಂಟರ್‌ಕೂಲರನ್ನು ಇನ್ನಷ್ಟು ತಂಪಾಗಿಸಲು ಹೆಣಗುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ತಗಡನ್ನು ಕತ್ತರಿಸಿ ಗಾಳಿಯ ದಾರಿಯನ್ನು ಮಾಡಿ, ಬದಿಯಿಂದ ನುಣುಚಿಕೊಳ್ಳುತ್ತಿದ್ದ ಗಾಳಿ ಇಂಟರ್‌ಕೂಲರಿನ ಒಳಗಿನಿಂದಲೇ ಹಾಯುವಂತೆ ಸಂದುಗಳನ್ನು ಮುಚ್ಚುತ್ತಾರೆ; ಹೊಗೆಕೊಳವೆಯ ಶಾಖಕ್ಕೆ ಮರೆಯೊಡ್ಡುತ್ತಾರೆ; ಇಂಟರ್‌ಕೂಲರಿನ ಮೈಮೇಲೆ ನೀರಿನ ತುಂತುರನ್ನು ಚಿಮುಕಿಸಿ ಅದು ಆವಿಯಾಗುವಾಗಿನ ತಂಪನ್ನು ದುಡಿಸಿಕೊಳ್ಳುತ್ತಾರೆ. ಇವರಲ್ಲಿ ಎಷ್ಟು ಜನ ಬಿಯಾಟ್ರಿಸ್‌ಳ ಹೆಸರನ್ನು ಕೇಳಿದ್ದಾರೋ! ಕೇಳದಿದ್ದರೂ ಅವರು ನಡೆಯುತ್ತಿರುವುದು ಆಕೆ ನಡೆದ ಹಾದಿಯಲ್ಲಿ.

ಆ ಹಾದಿಯ ತತ್ತ್ವ ಯಂತ್ರಗಳಿಗೆ ಮಾತ್ರ ಮೀಸಲಾದುದಲ್ಲ. ದೋಷವೊಂದು ಕಣ್ಣಿಗೆ ಬಿದ್ದೊಡನೆ ಇಡಿಯ ವಸ್ತುವನ್ನೇ ಕಿತ್ತೆಸೆಯುವ ಆತುರ ಲೋಕದಲ್ಲಿ ಸಾಮಾನ್ಯ. ಬಿಯಾಟ್ರಿಸ್ ಹಾಗೆ ಮಾಡಲಿಲ್ಲ. ಮರ್ಲಿನ್ನಿನ ಕಾರ್ಬುರೇಟರಿನಲ್ಲಿ ಜನ ದೋಷವನ್ನು ಕಂಡರು; ಆಕೆ ದೋಷವನ್ನೂ ಅದರ ಮಗ್ಗುಲಲ್ಲಿದ್ದ ತಂಪನ್ನೂ ಕಂಡಳು. ಎಷ್ಟನ್ನು ತಡೆಯಬೇಕು, ಎಷ್ಟನ್ನು ಬಿಡಬೇಕು ಎಂಬ ಅಳತೆಯನ್ನು ಲೆಕ್ಕಹಾಕಿ, ಅಷ್ಟೇ ಅಗಲದ ರಂಧ್ರವನ್ನು ಕೊರೆದಳು. ಹಳೆಯದನ್ನು ತಿದ್ದಲು ಹೊರಟ ಯಾರಿಗೇ ಆಗಲಿ, ಈ ಅಳತೆಯನ್ನು ಕಂಡುಕೊಳ್ಳುವುದೇ ಕಷ್ಟದ ಕೆಲಸ.